ಯಾರು ಬರೆದದ್ದು, ಯಾವಾಗ, ಯಾಕೆ

ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನನ್ನ ಕೈ ತಾನಾಗಿ ಪರ್ಸಿನ ಮೇಲೆ ಹೋಗುತ್ತದೆ. ಹುಟ್ಟುಗುಣವೋ, ಲೋಕಲ್ ಟ್ರೇನು ಕಲಿಸಿದ್ದೋ ಗೊತ್ತಿಲ್ಲ. ಆ ಜೂನಿನಲ್ಲಿ ಒಂದು ಕಂಪೆನಿಯವನು ಬಂದು, ಮಕ್ಕಳ ಆನ್‌ಲೈನ್ ಲೈಬ್ರರಿ ಡೇಟಾಬೇಸನ್ನು ನಿಮ್ಮ ಶಾಲೆಗೆ ಒಂದು ವರ್ಷ ಪುಕ್ಕಟೆ ಕೊಡುತ್ತೇವೆ ಎಂದಾಗ ನಾನು ಮೊದಲು ಕೇಳಿದ್ದು, “ಇದರಿಂದ ನಿಮಗೆ ಎಂತ ಸಿಗ್ತದೆ?” ಎಂದು. ಅವನು ಹಲ್ಲು ಬಿಟ್ಟ. ಹೆಡ್ ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ನಮ್ಮದು ಡೊಂಬಿವಲಿ ಎಂಐಡಿಸಿಯ, ಅಂದರೆ ಸರಕಾರಿ ಕೈಗಾರಿಕಾ ವಸಾಹತಿನ, ಮಗ್ಗುಲಿನ ಶಾಲೆ. ಹಿಂದೆ ಕನ್ನಡ ಮಾಧ್ಯಮ ಇತ್ತು, ಈಗ ಇಂಗ್ಲಿಷ್. ನಡೆಸುವವರು ಇಲ್ಲಿಯ ಕನ್ನಡಿಗರದೇ ಒಂದು ಕಮಿಟಿ. ಕಾರ್ಖಾನೆಗಳ ಗಾಳಿ ನಮ್ಮ ಕಡೆ ತಿರುಗಿದ ದಿನ ಕಿಟಕಿ ಮುಚ್ಚಿಕೊಂಡು ಪಾಠ ಮಾಡುತ್ತೇವೆ. ನಾನು ಲೈಬ್ರರಿ ಟೀಚರ್. ಠಾಣೆಯ ವರ್ತಕ ನಗರದಿಂದ ದಿನಾ ಬರುತ್ತೇನೆ. ಒಂದರಿಂದ ಐದನೇ ಇಯತ್ತೆಯವರೆಗಿನ ಎಲ್ಲ ಮಕ್ಕಳೂ ವಾರಕ್ಕೊಂದು ಪೀರಿಯಡ್ ನನ್ನ ಕೈಯಲ್ಲಿರುತ್ತಾರೆ.

ಡೇಟಾಬೇಸ್ ಒಳ್ಳೆಯದೇ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಪ್ರತಿ ಲೇಖನವೂ ಮೂರು ಮಟ್ಟದಲ್ಲಿತ್ತು: ಒಂದು ನಕ್ಷತ್ರದ್ದು ಸಣ್ಣವರಿಗೆ, ಎರಡರದ್ದು ಸ್ವಲ್ಪ ದೊಡ್ಡವರಿಗೆ, ಮೂರರದ್ದು ಟೀಚರುಗಳಿಗೆ. ಬರೆದವರ ಹೆಸರು ಮತ್ತು ತಾರೀಖು ಪುಟದ ಅಡಿಯಲ್ಲೇ. ಪ್ರತಿ ಮಗುವಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್. ಮನೆಯ ಮೊಬೈಲಿನಲ್ಲೂ ತೆರೆಯಬಹುದಿತ್ತು. ಯಾವ ಮಗು ಯಾವಾಗ ಏನು ಹುಡುಕಿತು ಎನ್ನುವುದು ನನ್ನ ಕಂಪ್ಯೂಟರಿನಲ್ಲಿ ಪಟ್ಟಿಯಾಗಿ ಬೀಳುತ್ತಿತ್ತು. ಕಂಪೆನಿಯವನು ಅದನ್ನು ದೊಡ್ಡ ಸವಲತ್ತು ಎಂಬಂತೆ ತೋರಿಸಿಹೋಗಿದ್ದ. ಸುಳ್ಳೇಕೆ, ನನಗೂ ಅದು ಹಿಡಿಸಿತು. ಸಂಶಯದವಳಿಗೆ ಪಟ್ಟಿಗಿಂತ ರುಚಿಯಾದದ್ದು ಬೇರೇನಿದೆ?

ಮೊದಲ ತಿಂಗಳು ಹುಡುಕುವುದನ್ನು ಕಲಿಸುವುದರಲ್ಲೇ ಹೋಯಿತು. ಐದನೇ ಇಯತ್ತೆಗೆ ಠಾಣೆ ಖಾಡಿಯ ಹಿನ್ನೀರಿಗೆ ಬರುವ ಫ್ಲೆಮಿಂಗೋ ಹಕ್ಕಿಗಳ ಪ್ರಾಜೆಕ್ಟ್ ಕೊಟ್ಟಿದ್ದೆ. ಒಬ್ಬ ‘ಪ್ಲೀಸ್ ಫ್ಲೆಮಿಂಗೋ ದೋ’, ದಯವಿಟ್ಟು ಕೊಡು, ಎಂದು ಟೈಪ್ ಮಾಡಿದ. ಇನ್ನೊಬ್ಬಳು ನಾನು ಬೋರ್ಡಿನ ಮೇಲೆ ಬರೆದ ಇಡೀ ಪ್ರಶ್ನೆಯನ್ನು ನಂಬರಿನ ಸಮೇತ ಇಳಿಸಿದಳು. ಏನೂ ಬರಲಿಲ್ಲ. ಆಗ ನಾನೊಂದು ನಿಯಮ ಮಾಡಿದೆ. ಎಲ್ಲರ ಬಳಿಯೂ ಒಂದು ಪದಗಳ ವಹಿ ಇರಬೇಕು. ಟೈಪ್ ಮಾಡುವ ಮೊದಲು ಪದವನ್ನು ಅದರಲ್ಲಿ ಬರೆಯಬೇಕು. ಉಪಯೋಗಕ್ಕೆ ಬಾರದ ಪದದ ಮೇಲೆ ಗೀಟು, ಬಂದದ್ದಕ್ಕೆ ಸುತ್ತ ಒಂದು ಗೆರೆ. ಹತ್ತು ಪದ ಹೊಡೆದುಹಾಕದೆ ಒಂದು ಪದ ಸಿಗುವುದಿಲ್ಲ ಎಂದು ಹೆದರಿಸಿಟ್ಟಿದ್ದೆ.

ಎರಡನೆಯ ನಿಯಮ ನನ್ನ ಸ್ವಭಾವದಿಂದಲೇ ಬಂದದ್ದು. ಯಾವ ಪುಟ ತೆರೆದರೂ ಮೂರು ಪ್ರಶ್ನೆ ಕೇಳಬೇಕು: ಯಾರು ಬರೆದದ್ದು, ಯಾವಾಗ, ಯಾಕೆ. ಬರೆದವರ ಹೆಸರಿಲ್ಲದ ಪುಟವನ್ನು ನಂಬಬಾರದು. ಹೊರಗಿನ ಇಂಟರ್ನೆಟ್ಟಿನಲ್ಲಿ ಹೆಸರಿಲ್ಲದವರೇ ಜಾಸ್ತಿ, ಆದ್ದರಿಂದ ಇಲ್ಲಿ ಮಾತ್ರ ಹುಡುಕಿ ಎಂದೂ ಹೇಳಿದ್ದೆ. ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದವು. ಒಂದು ದಿನ ಹೆಡ್ ಮೇಡಂ ಕಳಿಸಿದ ನೋಟೀಸಿಗೇ ಒಬ್ಬಳು “ಯಾಕೆ ಬರೆದದ್ದು ಟೀಚರ್?” ಎಂದು ಕೇಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆಗಸ್ಟಿನ ಕೊನೆಗೆ ಕಂಪೆನಿಯಿಂದ ಒಂದು ಮೇಲ್ ಬಂತು. ನಿಮ್ಮ ಶಾಲೆಯ ಒಂದು ಖಾತೆಯಿಂದ ಮನುಷ್ಯರು ಮಾಡುವಂಥದ್ದಲ್ಲದ ಹುಡುಕಾಟ ನಡೆದಿದೆ, ಯಾರೋ ಯಂತ್ರ ಹಚ್ಚಿ ನಮ್ಮ ಲೇಖನಗಳನ್ನು ಕದಿಯುತ್ತಿರಬಹುದು, ಹತ್ತು ದಿನದಲ್ಲಿ ಕಾರಣ ತಿಳಿಸದಿದ್ದರೆ ಇಡೀ ಶಾಲೆಯ ಖಾತೆಗಳನ್ನು ಮುಚ್ಚುತ್ತೇವೆ ಎಂದಿತ್ತು. ಕೆಳಗೆ ಖಾತೆಯ ನಂಬರು. ಐದನೇ ಇಯತ್ತೆಯ ಒಬ್ಬ ಹುಡುಗಿಯದು.

ನಾನು ಅವಳ ಪಟ್ಟಿ ತೆರೆದೆ. ಫ್ಲೆಮಿಂಗೋ ಎಂದು ಎರಡೇ ಸಲ ಇತ್ತು. ಉಳಿದದ್ದೆಲ್ಲ ದಿನಾ ಸಂಜೆ ಏಳರಿಂದ ಎಂಟರ ನಡುವೆ. ಉದ್ದುದ್ದ ನಂಬರುಗಳು. ಬರೀ ‘ನೆಟ್ ವೇಟ್’. ಬರೀ ‘ಕೀಪ್ ಅಪ್‌ರೈಟ್’. ನಡುವೆ ‘ಫಾರ್ಮಲ್’ ಎಂದು ಹುಡುಕಿ, ಅರ್ಜಿ ಬರೆಯುವುದು ಹೇಗೆ ಎಂಬ ಪುಟ ತೆರೆದಿದ್ದಳು. ‘ಫಾರ್ಮ್’ ಎಂದು ‘ಓ’ ಬದಲು ‘ಎ’ ಹಾಕಿ ಹುಡುಕಿ ಕೋಳಿ, ದನಗಳ ಪುಟ. ಮತ್ತೆ ನಂಬರುಗಳು. ಇದು ಮಗುವಿನ ಕೆಲಸವಲ್ಲ ಎಂದು ನನಗೂ ಖಾತ್ರಿಯಾಯಿತು.

ಇಲ್ಲಿಂದ ನನ್ನ ತಲೆ ಓಡಿದ ದಾರಿಯನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲು ಅನುಮಾನ ಬಂದದ್ದು ಸ್ಟೇಷನ್ ಹತ್ತಿರ ಟ್ಯೂಷನ್ ನಡೆಸುವ ಸರ್ ಮೇಲೆ: ಮಕ್ಕಳಿಂದ ಪಾಸ್‌ವರ್ಡ್ ತೆಗೆದುಕೊಂಡು ತನ್ನ ನೋಟ್ಸ್ ತಯಾರಿಸುತ್ತಿರಬಹುದು. ಹುಡುಗಿ ಟ್ಯೂಷನ್ನಿಗೇ ಹೋಗುವುದಿಲ್ಲ ಎಂದು ತಿಳಿಯಿತು. ಆಮೇಲೆ ನಮ್ಮದೇ ಕಂಪ್ಯೂಟರ್ ಸರ್. ಎರಡು ದಿನ ಅವರ ಹಿಂದೆ ಹಿಂದೆ ಸುಳಿದೆ. ಮೂರನೆಯ ದಿನ ಅವರೇ ತಿರುಗಿ ನಿಂತು, “ಏನ್ ಮೇಡಂ, ನನ್ನಿಂದ ಏನಾದ್ರೂ ಬೇಕಿತ್ತಾ?” ಎಂದರು. ಪ್ರಿಂಟರಿನ ಶಾಯಿ ಬೇಕಿತ್ತು ಎಂದು ಸುಳ್ಳು ಹೇಳಿದೆ.

ಕೊನೆಗೆ ಉಳಿದವಳು ಹುಡುಗಿಯೇ. ತೆಳ್ಳಗಿನ, ಮಾತು ಕಡಿಮೆಯ ಮಗು. ಮನೆಯವರು ಕಲಬುರಗಿ ಕಡೆಯವರು, ಅಪ್ಪ ಎಂಐಡಿಸಿಯಲ್ಲಿ ಲೋಡಿಂಗ್ ಕೆಲಸದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳನ್ನು ಲೈಬ್ರರಿಗೆ ಕರೆಸಿ, ಏನೂ ಗೊತ್ತಿಲ್ಲದವಳ ಹಾಗೆ “ಫ್ಲೆಮಿಂಗೋ ಹುಡುಕಿ ತೋರಿಸು” ಎಂದೆ. ಹದಿನೈದು ಸೆಕೆಂಡಿನಲ್ಲಿ ಹುಡುಕಿ, ನಕ್ಷತ್ರ ಬದಲಿಸಿ, ಪುಟದ ಅಡಿಗೆ ಹೋಗಿ ಬರೆದವರ ಹೆಸರಿನ ಮೇಲೆ ಬೆರಳಿಟ್ಟಳು. ಇಷ್ಟು ಚುರುಕಾದವಳು ಕೋಳಿ, ದನ ಯಾಕೆ ನೋಡುತ್ತಾಳೆ? ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು.

“ನಿನ್ನ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೀ?”

“ಕಿಸೀ ಕೋ ನಹೀಂ, ಟೀಚರ್.” ಯಾರಿಗೂ ಇಲ್ಲವಂತೆ.

“ಮತ್ತೆ ಆ ನಂಬರು ಎಲ್ಲ ಹುಡುಕಿದ್ದು ಯಾರು?”

ಗದರಿಸಿದೆ, ಪುಸಲಾಯಿಸಿದೆ, ಹೊಸ ಚಿತ್ರದ ಪುಸ್ತಕ ಮೊದಲು ನಿನಗೇ ಎಂದೂ ಹೇಳಿದೆ. ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಆಗ ಒಂದು ಉಪಾಯ ಮಾಡಿದೆ. ಅವಳಿಗೆ ಹೇಳದೆ ಪಾಸ್‌ವರ್ಡ್ ಬದಲಿಸಿಬಿಟ್ಟೆ. ಕಳ್ಳನಿಗೆ ಬಾಗಿಲು ತೆರೆಯದಿದ್ದರೆ ಕಳ್ಳನೇ ಬಂದು ಕೇಳುತ್ತಾನೆ ಎಂದು ನನ್ನ ಲೆಕ್ಕ. ಮಾರನೆಯ ದಿನ ಪ್ರಾರ್ಥನೆಗೂ ಮೊದಲೇ ಅವಳು ಲೈಬ್ರರಿ ಬಾಗಿಲಲ್ಲಿ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

“ಟೀಚರ್, ಪಾಸ್‌ವರ್ಡ್ ನಹೀಂ ಚಲ್ ರಹಾ. ಆಜ್ ಚಾಹಿಯೇ.”

ಪಾಸ್‌ವರ್ಡ್ ನಡೆಯುತ್ತಿಲ್ಲ, ಇವತ್ತೇ ಬೇಕಂತೆ. ಫ್ಲೆಮಿಂಗೋ ಪ್ರಾಜೆಕ್ಟನ್ನು ಅವಳು ಆಗಲೇ ಬರೆದು ಒಪ್ಪಿಸಿದ್ದಾಳೆ, ಇವತ್ತೇ ಯಾಕೆ? “ನಿಜ ಹೇಳಿದರೆ ಕೊಡ್ತೇನೆ” ಎಂದೆ. ಅವಳು ತುಟಿ ಕಚ್ಚಿಕೊಂಡು ಹೊರಟುಹೋದಳು.

ಅದೇ ದಿನ ಮಧ್ಯಾಹ್ನದ ಬಿಡುವಿನಲ್ಲಿ, ಮಕ್ಕಳೆಲ್ಲ ಕೆಳಗೆ ಹೋದಾಗ, ನಾನು ಅವಳ ಚೀಲ ತೆರೆದೆ. ಮಾಡಬಾರದಿತ್ತು. ಇಪ್ಪತ್ತು ವರ್ಷ ಟೀಚರಾಗಿ ಒಂದು ಮಗುವಿನ ಚೀಲಕ್ಕೂ ಕೈ ಹಾಕಿದವಳಲ್ಲ. ಪದಗಳ ವಹಿ ಎರಡಿದ್ದವು. ಒಂದು ನಾನು ನೋಡಿದ್ದು. ಎರಡನೆಯದು ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿ, ಟಿಫಿನ್ನಿನ ಕೆಳಗೆ ಅಡಗಿಸಿಟ್ಟಿದ್ದು.

ಅದರಲ್ಲಿ ಪುಟಪುಟವೂ ಕಾರ್ಖಾನೆಯ ಕೆಮಿಕಲ್ ಡ್ರಮ್ಮುಗಳ ಲೇಬಲ್ ನಕಲು. ಅರ್ಧ ಹರಿದ ಲೇಬಲ್ಲಾದರೆ ಹರಿದಷ್ಟನ್ನೇ, ಅಕ್ಷರ ಕಾಣದಿದ್ದಲ್ಲಿ ಆ ಜಾಗ ಖಾಲಿ ಬಿಟ್ಟು. ಯಾವುದು ಹೆಸರು, ಯಾವುದು ತೂಕ, ಯಾವುದು ಬ್ಯಾಚ್ ನಂಬರು ಎಂದು ಮಗುವಿಗೆ ಗೊತ್ತಿಲ್ಲ. ಆದ್ದರಿಂದ ನಾನು ಹೇಳಿಕೊಟ್ಟ ಹಾಗೆಯೇ ಒಂದೊಂದನ್ನೂ ಹುಡುಕಿ, ಒಂದೊಂದರ ಮೇಲೂ ಗೀಟು ಹಾಕಿದ್ದಳು. ‘ಕೀಪ್ ಅಪ್‌ರೈಟ್’, ಗೀಟು. ‘ಫಾರ್ಮಲ್’, ಗೀಟು. ಕೊನೆಯ ಪುಟದಲ್ಲಿ ‘ಫಾರ್ಮಲ್ಡಿಹೈಡ್’ ಎಂಬ ಪೂರ್ತಿ ಪದ. ಹುಡುಕುವ ಮೊದಲೇ ಸುತ್ತ ಕೆಂಪು ಗೆರೆ. ಪಕ್ಕದಲ್ಲಿ ಡ್ರಮ್ಮಿನ ಮೇಲಿನ ಗುರುತಿನ ಚಿತ್ರ, ಹನಿ ಬಿದ್ದು ಸವೆದುಹೋಗುತ್ತಿರುವ ಒಂದು ಕೈ. ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ಪಪ್ಪಾ ಕಾ ಹಾಥ್’ ಎಂದು ಬರೆದಿದ್ದಳು. ಅಪ್ಪನ ಕೈ.

ಅಷ್ಟು ಕಣ್ಣೆದುರಿಗಿದ್ದರೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ಅಪ್ಪನೇ ಮಗಳ ಕೈಯಲ್ಲಿ ಏನನ್ನೋ ಮಾಡಿಸುತ್ತಿದ್ದಾನೆ, ಕಾರ್ಖಾನೆಯ ಮಾಲು ಹೊರಗೆ ಸಾಗಿಸುವ ಏರ್ಪಾಡೇ ಇರಬೇಕು ಎಂದುಕೊಂಡೆ. ಅವನನ್ನು ಕರೆಸಿದೆ.

ಮರುದಿನ ಅವನು ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಒಳಗೆ ಬಂದ. ಮಗಳು ಪಕ್ಕದಲ್ಲಿದ್ದಳು. ನಮಸ್ಕಾರವನ್ನೂ ಬಾಯಲ್ಲೇ ಮಾಡಿದ. ಎಂಥ ಸೊಕ್ಕು ಎಂದುಕೊಂಡು ಮೊದಲು ಸಂದರ್ಶಕರ ಪುಸ್ತಕವನ್ನು ಅವನತ್ತ ತಳ್ಳಿದೆ. ಹೊರಗಿನವರು ಬಂದರೆ ಸಹಿ ಮಾಡಬೇಕು.

ಅವನು ಕೈ ಹೊರತೆಗೆದ. ಬೆರಳುಗಳ ತೊಗಲು ಹಲಗೆಯ ಹಾಗೆ ಬಿರುಸಾಗಿ, ಗಂಟು ಗಂಟಿನಲ್ಲೂ ಸೀಳಿತ್ತು. ಸೀಳಿನೊಳಗೆ ಕೆಂಪು. ಪೆನ್ನು ಹಿಡಿಯಲು ನೋಡಿದ, ಬೆರಳು ಮಡಚಲಿಲ್ಲ. ಎರಡನೆಯ ಸಲ ಪೆನ್ನು ಕೆಳಗೆ ಬಿತ್ತು. ಮಗಳು ಎತ್ತಿಕೊಟ್ಟಳು. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು.

“ಇರ್ಲಿ ಬಿಡಿ, ಸಹಿ ಬೇಡ. ಕೂತ್ಕೊಳ್ಳಿ” ಎಂದೆ.

“ಹುಡುಗಿ ತಪ್ಪ ಇಲ್ರಿ ಬಾಯಾರ, ತಪ್ಪ ನಂದದ” ಎಂದ. “ಡ್ರಮ್ಮಿನ್ಯಾಗ ಏನದ ಅಂತ ಯಾರೂ ಹೇಳವಲ್ರು. ಠೇಕೇದಾರಗ ಕೇಳಿದ್ರ ಸಾಬಾಣ ಹಚ್ಚಿ ತೊಳಿ ಅಂತಾನ. ನಮ್ಮ ಜೋಡಿ ನಾಕ ಮಂದಿ ಕೈ ಹಿಂಗೇ ಆಗ್ಯಾವ್ರಿ. ಅದಕ್ಕ ಕದ್ದು ಫೋಟೋ ಹೊಡ್ಕೊಂಡ ಬಂದು ಈಕಿಗಿ ಕೊಟ್ಟೀನಿ. ಒಳಗ ಫೋಟೋ ಹೊಡೀಬಾರ್ದು ಅಂತ ಗೇಟಿಗಿ ಬೋರ್ಡ್ ಹಾಕ್ಯಾರ. ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ್ರಿ.”

“ಸುಮ್ಮನೆ ಇಂಟರ್ನೆಟ್ಟಿನಲ್ಲಿ ನೋಡಬಹುದಿತ್ತಲ್ಲ?” ಎಂದು ಮಗಳನ್ನು ಕೇಳಿದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಆಪ್ ಹೀ ನೇ ಬೋಲಾ ಥಾ,” ಎಂದಳು. ನೀವೇ ಹೇಳಿದ್ದಲ್ಲವಾ, ಹೊರಗಿನದನ್ನು ನಂಬಬೇಡಿ ಎಂದು. ಹೊಸ ಫೋಟೋದಲ್ಲಿ ಪೂರ್ತಿ ಪದ ಸಿಕ್ಕಿದ ದಿನವೇ, ಅವಳು ಅದನ್ನು ಹುಡುಕುವ ಮೊದಲೇ, ನಾನು ಪಾಸ್‌ವರ್ಡ್ ಬದಲಿಸಿದ್ದೆ.

ಮೂವರೂ ಕಂಪ್ಯೂಟರ್ ಮುಂದೆ ಕುಳಿತೆವು. ಒಂದು ನಕ್ಷತ್ರದ ಪುಟದಲ್ಲಿ, ಮ್ಯೂಸಿಯಮ್ಮುಗಳಲ್ಲಿ ಸತ್ತ ಕಪ್ಪೆ, ಹಾವುಗಳು ಕೊಳೆಯದಂತೆ ಇಡಲು ಇದರ ದ್ರಾವಣ ಬಳಸುತ್ತಾರೆ ಎಂದಿತ್ತು. ಗಾಜಿನ ಜಾಡಿಯ ಚಿತ್ರ ನೋಡಿ ಹುಡುಗಿ ಅಪ್ಪನ ತೋಳು ಹಿಡಿದುಕೊಂಡಳು. ಎರಡು ನಕ್ಷತ್ರದ್ದರಲ್ಲಿ ಪ್ಲೈವುಡ್, ಅಂಟು, ಕಟು ವಾಸನೆ. ಕೈಯ ಸುದ್ದಿಯೇ ಇಲ್ಲ. ಮೂರರದ್ದರಲ್ಲಿ ಒಂದೇ ಸಾಲು: ಚರ್ಮಕ್ಕೆ ಹಾನಿಕರ, ತಯಾರಕರ ಸುರಕ್ಷತಾ ಮಾಹಿತಿ ಹಾಳೆ ನೋಡಿ. ಆ ಹಾಳೆ ಇರುವುದು ಡೇಟಾಬೇಸಿನ ಹೊರಗೆ, ನಾನು ನಂಬಬೇಡಿ ಎಂದಿದ್ದ ಜಗತ್ತಿನಲ್ಲಿ. ಹುಡುಕುವುದಕ್ಕೆ ಸಮಯ ಬೇಕು, ಶುಕ್ರವಾರ ಬನ್ನಿ ಎಂದು ಅವರನ್ನು ಕಳಿಸಿದೆ.

ಅಷ್ಟರಲ್ಲಿ ಶಾಲೆಯ ಕಮಿಟಿಯ ಕಾರ್ಯದರ್ಶಿಗೆ ಕಂಪೆನಿಯ ಮೇಲ್ ಬಂದ ಸುದ್ದಿ ಮುಟ್ಟಿತ್ತು. ನಮ್ಮ ಊರ ಕಡೆಯವರೇ. ಎಂಐಡಿಸಿಯಲ್ಲಿ ಅವರದೂ ಒಂದು ಸಣ್ಣ ಕಾರ್ಖಾನೆ ಇದೆ. ಸಂಜೆ ನಾನು ಮನೆಯ ಟ್ರೇನಿಗೆ ಹೊರಟಾಗ ಫೋನ್ ಮಾಡಿದರು.

“ಎಂತ ಮಾರಾಯ್ರೆ, ಆ ಹುಡುಗಿ ಹುಡುಕಿದ್ದರ ಪಟ್ಟಿ ಉಂಟಂತಲ್ಲ. ಹೆಸರು ಸಮೇತ ನನಗೆ ಕಳಿಸಿ. ಕಂಪೆನಿಯವರ ಹತ್ರ ನಾನು ಮಾತಾಡ್ತೇನೆ.”

ಪಟ್ಟಿ ತಯಾರಿತ್ತು. ಸಂಶಯದ ಭರದಲ್ಲಿ ನಾನೇ ಹೆಸರು, ತಾರೀಖು, ಸಮಯ ಹಾಕಿ ಅಂದವಾಗಿ ಟೈಪ್ ಮಾಡಿಟ್ಟಿದ್ದೆ. ಅದರಲ್ಲಿ ಬ್ಯಾಚ್ ನಂಬರುಗಳೂ ಇದ್ದವು. ಆ ನಂಬರು ನೋಡಿದರೆ ಯಾವ ಕಾರ್ಖಾನೆಯ ಡ್ರಮ್ಮು, ಯಾವ ದಿನದ ಲೋಡು ಎಂದು ತಿಳಿದವರಿಗೆ ತಿಳಿಯುತ್ತದೆ. ಅಲ್ಲಿಂದ ಹುಡುಗಿಯ ಅಪ್ಪನ ಹೆಸರಿಗೆ ಎಷ್ಟು ದೂರ? ಕೂಲಿ ಗುತ್ತಿಗೆಯ ಠೇಕೇದಾರ ಅವನನ್ನು ನಾಲ್ಕೈದು ಕಾರ್ಖಾನೆಗಳಿಗೆ ಕಳಿಸುತ್ತಾನೆ. ಕಾರ್ಯದರ್ಶಿಯ ಕಾರ್ಖಾನೆಯೂ ಅದರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು. ಆದರೆ ಮಕ್ಕಳಿಗೆ ಕಲಿಸಿದ ಪ್ರಶ್ನೆಯನ್ನು ನಾನೂ ಕೇಳಬೇಕಲ್ಲ. ಯಾಕೆ ಬೇಕು?

ಆ ರಾತ್ರಿಯೆಲ್ಲ ಯೋಚಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಇಲ್ಲ. ಠಾಣೆ ಬರುವುದರೊಳಗೆ ತೀರ್ಮಾನವಾಗಿತ್ತು. ಮರುದಿನ ಪಟ್ಟಿಯನ್ನು ಅಳಿಸಿದೆ. ಎಲ್ಲ ಮಕ್ಕಳ ಹುಡುಕಾಟ ದಾಖಲಾಗುವ ಆ ಸವಲತ್ತನ್ನೇ ಬಂದ್ ಮಾಡಿದೆ. ಕಂಪೆನಿಗೆ, ಇದು ಯಂತ್ರವಲ್ಲ, ಹತ್ತು ವರ್ಷದ ಒಂದು ಮಗು ನಾನು ಕಲಿಸಿದ ವಿಧಾನದಲ್ಲೇ ಹುಡುಕಿದ್ದು, ತಪ್ಪಿದ್ದರೆ ಪಾಠದ್ದು ಎಂದು ಬರೆದೆ. ಕಾರ್ಯದರ್ಶಿಗೆ ಫೋನ್ ಮಾಡಿ, “ಮಕ್ಕಳು ಎಂತ ಓದ್ತಾರೆ ಅಂತ ಲೈಬ್ರರಿಯಿಂದ ಹೊರಗೆ ಹೇಳುವ ಕ್ರಮ ಇಲ್ಲ ಸರ್. ಪಟ್ಟಿ ಕೊಡ್ಲಿಕ್ಕೆ ಆಗುದಿಲ್ಲ” ಎಂದೆ.

ಅವರು “ನೋಡುವ,” ಎಂದು ಫೋನ್ ಇಟ್ಟರು. ಆ ‘ನೋಡುವ’ದ ಅರ್ಥ ನನಗೆ ಈಗಲೂ ಗೊತ್ತಿಲ್ಲ. ಹೆಡ್ ಮೇಡಂ ಮಾತ್ರ, “ಏನ್ರೀ ನೀವು, ಎಲ್ಲರ ಮೇಲೂ ಅನುಮಾನ ಪಡ್ತೀರಲ್ಲ” ಎಂದು ಗೊಣಗಿದರು. ಕಂಪೆನಿಯವರು ಖಾತೆಗಳನ್ನು ಮುಚ್ಚಲಿಲ್ಲ.

ಸುರಕ್ಷತಾ ಹಾಳೆಗಳು ಬೇರೆ ಬೇರೆ ತಯಾರಕರದ್ದು ಎರಡು ಸಿಕ್ಕವು. ಶುಕ್ರವಾರ ಹುಡುಗಿಯನ್ನೇ ಕೂರಿಸಿ ಎರಡನ್ನೂ ಹೋಲಿಸಿ ನೋಡಿಸಿದೆ. ಯಾರು ಬರೆದದ್ದು, ಯಾವಾಗ, ಯಾಕೆ. ಎರಡರಲ್ಲೂ ಒಂದೇ ಮಾತಿತ್ತು. ದ್ರವವನ್ನು ಮುಟ್ಟಬಾರದು. ಅದು ಒಳಗೆ ಇಳಿಯದಂಥ ರಬ್ಬರ್ ಗ್ಲೌಸ್ ಬೇಕು. ನೆನೆದ ಬಟ್ಟೆಯನ್ನು ತಕ್ಷಣ ತೆಗೆದು, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕೈ ಬಿರಿದಿದ್ದರೆ ಡಾಕ್ಟರಿಗೆ ಡ್ರಮ್ಮಿನ ಹೆಸರು ಹೇಳಿ ತೋರಿಸಬೇಕು.

ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅವನು ಊರಿನ ಶಾಲೆಯಲ್ಲಿ ನಾಲ್ಕನೆಯವರೆಗೆ ಕನ್ನಡ ಓದಿದವನು. ಅವಳು ಇಂಗ್ಲಿಷ್ ಸಾಲು ಓದಿದಳು, ಅರ್ಥವನ್ನು ಇಬ್ಬರೂ ಸೇರಿ ಬಿಡಿಸಿದೆವು, ನಾನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದು ಹಾಳೆ ತುಂಬ ಬರೆದೆ. ಕೆಲಸ ಮುಗಿಸಿ ಬಂದ ಅಪ್ಪ ಅದನ್ನು ತುಟಿ ಆಡಿಸುತ್ತ ಓದಿದ. ನಡುವೆ ನಿಂತ.

“ಬಟ್ಟಿ ಗ್ಲೌಸ್ ಕೊಟ್ಟಾರ್ರಿ ನಮಗ. ತೊಯ್ದು ಹೋದ್ರೂ ಸಂಜಿತನಾ ಅವನ್ನೇ ಹಾಕ್ಕೊಂಡಿರ್ತೀವಿ. ತೆಗದ್ರ ಬೈತಾರ.”

ಕೈ ಕಾಯುತ್ತದೆ ಎಂದು ಹಾಕಿಕೊಂಡದ್ದೇ ದಿನವಿಡೀ ಆ ದ್ರವವನ್ನು ತೊಗಲಿಗೆ ಒತ್ತಿ ಹಿಡಿದಿತ್ತು. ಅವನು ಮತ್ತೊಮ್ಮೆ ಆ ಸಾಲು ಓದಿಕೊಂಡ. ಉಳಿದ ನಾಲ್ವರಿಗೂ ತೋರಿಸುತ್ತೇನೆ, ಠೇಕೇದಾರನ ಮುಂದೂ ಹಿಡಿಯುತ್ತೇನೆ ಎಂದ. ಹಾಳೆ ಮಡಚಲು ಹೋದಾಗ ಮಗಳು ಅವನ ಕೈ ತಡೆದಳು. ಹಾಳೆಯ ಅಡಿಯನ್ನು ನೋಡಿ, ತಿರುಗಿಸಿ ಹಿಂಬದಿ ನೋಡಿದಳು.

“ಟೀಚರ್, ನಾಮ್ ನಹೀಂ ಹೈ.”

ಹೆಸರಿಲ್ಲ. ಬರೆದವರ ಹೆಸರಿಲ್ಲದ ಪುಟವನ್ನು ನಂಬಬಾರದು.

“ಬ್ಯಾಡ್ರಿ ಬಾಯಾರ,” ಎಂದ ಅಪ್ಪ ಗಾಬರಿಯಿಂದ. “ನಿಮ್ಮ ಹೆಸರ ಬ್ಯಾಡ. ಗೇಟಿನೊಳಗ ಹೋಗೋ ಕಾಗದ ಅದು. ಯಾರ ಕೈಗಿ ಸಿಗ್ತದೋ ಏನೋ.”

ಅವನು ಹೇಳಿದ್ದು ಸರಿಯೇ. ಯಾರ ಕೈಗಾದರೂ ಸಿಗಬಹುದಿತ್ತು. ಕಾರ್ಯದರ್ಶಿಯ ‘ನೋಡುವ’ ಕಿವಿಯಲ್ಲಿತ್ತು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು. ಹುಡುಗಿ ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಳು. ಅದು ನಾನು ಜೂನಿನಿಂದ ಕಲಿಸಿದ ನೋಟ, ಯಾವ ಪುಟವನ್ನೂ ಸುಮ್ಮನೆ ನಂಬದವರದು.

ನಾನು ಪೆನ್ನಿನ ಮುಚ್ಚಳ ತೆಗೆದು ನನ್ನ ಪೂರ್ತಿ ಹೆಸರು ಬರೆದೆ. ಲೈಬ್ರರಿ ಟೀಚರ್ ಎಂದು ಬರೆದೆ. ಅದರ ಕೆಳಗೆ ತಾರೀಖು ಹಾಕಿದೆ. ಅವಳು ಬೆರಳಿಟ್ಟು ಒಂದೊಂದನ್ನೂ ನೋಡಿದಳು.

“ಔರ್ ಕ್ಯೂಂ?” ಎಂದಳು. ಯಾಕೆ ಬರೆದದ್ದು, ಅದು ಉಳಿದಿತ್ತು.

‘ಐದು ಜನರ ಕೈಗಾಗಿ’ ಎಂದು ಸೇರಿಸಿದೆ. ಅಪ್ಪ ಅದನ್ನು ಅವಳಿಗೆ ಓದಿ ಹೇಳಿದ. ಆಮೇಲೇ ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಪ್ಪನ ಬೆರಳು ಬಗ್ಗುವುದಿಲ್ಲವೆಂದು, ತಾನೇ ಅವನ ಅಂಗಿಯ ಜೇಬಿಗೆ ಇಟ್ಟಳು.